ಅಂಚೇ ಇಲ್ಲದ ಚೌಕ

ವೆಬ್‌ಪುಟದ ಹಿನ್ನೆಲೆ ತುಂಬ ಎಲೆ, ಬಳ್ಳಿ ಹರಡಿಕೊಂಡಿರುತ್ತವೆ. ನೋಡಿದರೆ ಇಡೀ ಪರದೆಗೆಂದೇ ಬರೆದ ದೊಡ್ಡ ಚಿತ್ರ ಅನ್ನಿಸುತ್ತದೆ, ಅಲ್ವಾ? ಎಷ್ಟೋ ಸಲ ಅದು ಒಂದೇ ಒಂದು ಸಣ್ಣ ಚೌಕ. ಉದ್ದ, ಅಗಲ ಎರಡೂ 256 ಪಿಕ್ಸೆಲ್ ಇರುವ ಚೌಕದ 40 ಪ್ರತಿಗಳು ಸಾಕು, 1920 × 1080 ಪಿಕ್ಸೆಲ್‌ನ ಪರದೆ ಮುಚ್ಚಿಹೋಗುತ್ತದೆ. ಬ್ರೌಸರ್ ಆ ಚೌಕವನ್ನು ಒಮ್ಮೆ ಮಾತ್ರ ಇಳಿಸಿಕೊಂಡು ಸಾಲಾಗಿ ಜೋಡಿಸುತ್ತಾ ಹೋಗುತ್ತದೆ.

ಜೋಡಿಸಿದ ಕಡೆ ಗೆರೆ ಕಾಣಬಾರದು. ಬಲ ಅಂಚಿನಲ್ಲಿ ತುಂಡಾದ ಎಲೆ ಎಡ ಅಂಚಿನಲ್ಲಿ ಅದೇ ಎತ್ತರದಲ್ಲಿ ಮುಂದುವರಿಯಬೇಕು. ಮೇಲಿನ ಮತ್ತು ಕೆಳಗಿನ ಅಂಚಿಗೂ ಇದೇ ಲೆಕ್ಕ. ಇಂಥ ಚೌಕದ ಎಡ, ಬಲ ಅಂಚುಗಳನ್ನು ಅಂಟಿಸಿದರೆ ಕೊಳವೆ. ಕೊಳವೆಯನ್ನು ಬಗ್ಗಿಸಿ ಎರಡು ಬಾಯಿಗಳನ್ನು ಕೂಡಿಸಿದರೆ ಬಳೆ. ಗಣಿತದವರು ಇದನ್ನು ಟೋರಸ್ ಎನ್ನುತ್ತಾರೆ. ಅದರ ಮೇಲೆ ಯಾವ ಕಡೆ ಹೊರಟರೂ ಅಂಚು ಸಿಗುವುದಿಲ್ಲ.

ಇದನ್ನು ತಯಾರಿಸುವ ಉಪಾಯ ನನಗೆ ತುಂಬಾ ಇಷ್ಟ. 512 ಪಿಕ್ಸೆಲ್‌ನ ಚಿತ್ರವನ್ನು ಬಲಕ್ಕೆ 256, ಕೆಳಕ್ಕೆ 256 ಪಿಕ್ಸೆಲ್ ಸರಿಸಿ. ಹೊರಗೆ ಹೋದ ಭಾಗ ಎದುರು ಬದಿಯಿಂದ ಒಳಗೆ ಬರಲಿ. ಈಗ ಹೊರ ಅಂಚುಗಳು ತಾವಾಗಿಯೇ ಹೊಂದುತ್ತವೆ. ಯಾಕೆಂದರೆ ಮೊದಲು ಅವು ಚಿತ್ರದ ನಡುವೆ ಒಂದಕ್ಕೊಂದು ತಾಗಿಕೊಂಡೇ ಇದ್ದವು. ಹೊಂದದ ಗೆರೆಗಳೆಲ್ಲ ನಡುವಿಗೆ ಬಂದಿರುತ್ತವೆ. ಅವುಗಳ ಮೇಲೆ ಇನ್ನೊಂದೆರಡು ಎಲೆ ಬರೆದು ಮುಚ್ಚಿದರೆ ಮುಗಿಯಿತು, ಹೊರ ಅಂಚನ್ನು ಮಾತ್ರ ಮುಟ್ಟಬೇಡಿ. ಕಾಗದದಲ್ಲೂ ಇದು ಸಾಧ್ಯ. ಚಿತ್ರವನ್ನು ನಾಲ್ಕು ಸಮ ತುಂಡು ಮಾಡಿ, ಮೂಲೆಯಿಂದ ಎದುರು ಮೂಲೆಗೆ ಅದಲುಬದಲು ಮಾಡಿ ಅಂಟಿಸಿ.

ಗೆರೆ ಅಡಗಿಸುವುದು ಸುಲಭ. ಕಣ್ಣನ್ನು ಮರೆಸುವುದು ಕಷ್ಟ. ಚೌಕದಲ್ಲಿ ಒಂದೇ ಒಂದು ಹೂವು ಉಳಿದವಕ್ಕಿಂತ ಕಡುಬಣ್ಣದ್ದಾಗಿದ್ದರೂ ಸಾಕು, ದೂರದಿಂದ ನೋಡಿದಾಗ ಚುಕ್ಕಿ ಇಟ್ಟಂತೆ ಅದೇ ಎದ್ದು ಕಾಣುತ್ತದೆ. ಅದಕ್ಕೇ ಬಟ್ಟೆ, ಗೋಡೆ ಕಾಗದಗಳ ವಿನ್ಯಾಸಕಾರರು ಪಕ್ಕದ ಸಾಲನ್ನು ಅರ್ಧ ಚೌಕದಷ್ಟು ಕೆಳಗಿಳಿಸುತ್ತಾರೆ. ಆಗ ನೇರ ಅಡ್ಡಸಾಲು ಒಡೆಯುತ್ತದೆ, ಪುನರಾವರ್ತನೆ ಬೇಗ ಗೊತ್ತಾಗುವುದಿಲ್ಲ.

ಮರುಕಳಿಸುವ ವಿನ್ಯಾಸಗಳು ಲೆಕ್ಕವಿಲ್ಲದಷ್ಟಿವೆ. ಆದರೆ ಸರಿಸುವುದು, ತಿರುಗಿಸುವುದು, ಕನ್ನಡಿಯಂತೆ ಮಗುಚುವುದು, ಮಗುಚಿ ಸರಿಸುವುದು ಎಂಬ ಚಲನೆಗಳಿಂದ ವಿಂಗಡಿಸಿದರೆ ಉಳಿಯುವುದು 17 ಬಗೆ ಮಾತ್ರ! ರಷ್ಯಾದ ಸ್ಫಟಿಕ ವಿಜ್ಞಾನಿ ಯೆವ್‌ಗ್ರಾಫ್ ಫೆಡೊರೊವ್ 1891ರಲ್ಲಿ ಇದನ್ನು ಸಾಧಿಸಿ ತೋರಿಸಿದರು. 1924ರಲ್ಲಿ ಗಣಿತಜ್ಞ ಜಾರ್ಜ್ ಪೋಯಾ ಸ್ವತಂತ್ರವಾಗಿ ಅಲ್ಲಿಗೇ ಬಂದು ಮುಟ್ಟಿದರು. ಒಂದು ಸುತ್ತಿನ ಐದನೇ ಒಂದು ಭಾಗ ತಿರುಗಿಸಿದರೂ ಹಾಗೇ ಉಳಿಯುವ ವಿನ್ಯಾಸ ಈ ಪಟ್ಟಿಯಲ್ಲಿಲ್ಲ. ಬಾಹು, ಕೋನ ಎರಡೂ ಸಮವಾಗಿರುವ ಪಂಚಭುಜದ ಮೂಲೆ 108 ಡಿಗ್ರಿ. ಮೂರನ್ನು ಒಂದೆಡೆ ಸೇರಿಸಿದರೆ 324 ಆಗುತ್ತದೆ, 36 ಡಿಗ್ರಿಯ ಸಂದು ಉಳಿದುಬಿಡುತ್ತದೆ.

ಉಚಿತ ಪ್ಯಾಟರ್ನ್ ಇಳಿಸಿಕೊಳ್ಳುವ ಮುಂಚೆ ಪರವಾನಗಿ ಓದಿ. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿ. ಸಿಸಿ ಝೀರೋ ಎಂದಿದ್ದರೆ ಹೇಗೆ ಬೇಕಾದರೂ ಬಳಸಬಹುದು. ಸಿಸಿ ಬೈ ಆದರೆ ಬರೆದವರ ಹೆಸರು ಹಾಕಬೇಕು. ಎನ್‌ಸಿ (ನಾನ್‌ಕಮರ್ಷಿಯಲ್) ಸೇರಿದ್ದರೆ ಮಾರುವ ವಸ್ತುವಿಗೆ ಬಳಸುವಂತಿಲ್ಲ. ಇನ್ನು ಮುದ್ರಣದ ಮಾತು. ಇಂಚಿಗೆ 300 ಪಿಕ್ಸೆಲ್‌ನಂತೆ ಅಚ್ಚು ಹಾಕಿದರೆ, 256 ಪಿಕ್ಸೆಲ್‌ನ ಚೌಕ ಎರಡು ಸೆಂಟಿಮೀಟರಿಗಿಂತ ಸ್ವಲ್ಪವೇ ಜಾಸ್ತಿ ಅಗಲ ಬರುತ್ತದೆ. ಅದನ್ನು ಹಿಗ್ಗಿಸಬೇಡಿ, ಮಸುಕಾಗುತ್ತದೆ. ಅದರ ಬದಲು ಪ್ರತಿಗಳನ್ನು ಹೆಚ್ಚಿಸಿ.