ಜೊಲ್ಲುಗ್ರಂಥಿಗೆ ಆಕಾರ ಕೊಡುವ ನೆರೆಹೊರೆ

ತಾಯಿಯ ಹೊಟ್ಟೆಯಲ್ಲಿರುವ ಇಲಿಮರಿಗೆ 12 ದಿನವಾಗಿದೆ ಎಂದುಕೊಳ್ಳಿ. ಅದರ ಕೆಳದವಡೆಯ ಹತ್ತಿರ, ಬಾಯಿಯ ಒಳಪದರದಿಂದ ಒಂದು ಪುಟ್ಟ ಮೊಗ್ಗು ಕೆಳಗಿನ ಮೆತ್ತನೆಯ ಅಂಗಾಂಶದೊಳಗೆ ಇಳಿದಿರುತ್ತದೆ. ಇನ್ನೆರಡು ದಿನದಲ್ಲಿ ಆ ಮೊಗ್ಗಿನ ಮೇಲೆ ಸೀಳುಗಳು ಮೂಡುತ್ತವೆ. ಒಂದು ಮೊಗ್ಗು ಹಲವಾಗಿ, ದ್ರಾಕ್ಷಿ ಗೊಂಚಲಿನಂತೆ ಕವಲೊಡೆಯುತ್ತದೆ. ಅದೇ ಜೊಲ್ಲುಗ್ರಂಥಿ.

ಹೀಗೆ ಕವಲೊಡೆಯಬೇಕೆಂದು ಮೊಗ್ಗಿಗೆ ಹೇಳಿಕೊಟ್ಟವರು ಯಾರು? 1953ರಲ್ಲಿ ಅಮೆರಿಕದ ಕ್ಲಿಫರ್ಡ್ ಗ್ರೋಬ್‌ಸ್ಟೈನ್ ಮೊಗ್ಗನ್ನು ಅದರ ಸುತ್ತಲಿನ ಮೆತ್ತನೆಯ ಅಂಗಾಂಶದಿಂದ, ಅಂದರೆ ಮೆಸೆಂಕೈಮ್‌ನಿಂದ, ಬೇರ್ಪಡಿಸಿ ಬೆಳೆಸಿ ನೋಡಿದರು. ಒಂಟಿ ಮೊಗ್ಗು ಕವಲೊಡೆಯಲಿಲ್ಲ. ಮೆಸೆಂಕೈಮ್ ಜೊತೆ ಮತ್ತೆ ಸೇರಿಸಿದಾಗ ಕವಲೊಡೆಯಿತು. ಆಮೇಲೆ ಬೇರೆಯವರು ಮೊಲೆಗ್ರಂಥಿಯ ಮೊಗ್ಗನ್ನು ತಂದು ಜೊಲ್ಲುಗ್ರಂಥಿಯ ಮೆಸೆಂಕೈಮ್‌ನಲ್ಲಿಟ್ಟರು. ಅದು ಜೊಲ್ಲುಗ್ರಂಥಿಯಂತೆಯೇ ಕವಲೊಡೆಯಿತು, ಆದರೆ ಹಾಲಿನ ಪ್ರೋಟೀನ್ ತಯಾರಿಸಿತು! ಆಕಾರ ನೆರೆಯವರದು, ಕಸುಬು ಮಾತ್ರ ತನ್ನದೇ. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು.

ನೆರೆಯವರು ಕಳಿಸುವ ಸಂದೇಶಗಳು ಪ್ರೋಟೀನ್‌ಗಳು. ಅವುಗಳಲ್ಲಿ ಮುಖ್ಯವಾದದ್ದು ಎಫ್‌ಜಿಎಫ್10. ಮೆಸೆಂಕೈಮ್ ಇದನ್ನು ತಯಾರಿಸುತ್ತದೆ, ಮೊಗ್ಗಿನ ಕೋಶಗಳ ಮೇಲಿರುವ ಗ್ರಾಹಕ ಅದನ್ನು ಹಿಡಿದುಕೊಳ್ಳುತ್ತದೆ. ಈ ಪ್ರೋಟೀನಿನ ಜೀನ್ ತೆಗೆದುಹಾಕಿದ ಇಲಿಗಳಲ್ಲಿ ಜೊಲ್ಲುಗ್ರಂಥಿ ಬೆಳೆಯುವುದೇ ಇಲ್ಲ. ಮನುಷ್ಯರಲ್ಲಿ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳು ಇಲ್ಲದೆಯೋ ತೀರಾ ಚಿಕ್ಕದಾಗಿಯೋ ಮಗು ಹುಟ್ಟಬಹುದು. ಇದು ಗೊತ್ತಾದದ್ದು 2005ರಲ್ಲಿ.

ಎಫ್‌ಜಿಎಫ್10ಕ್ಕೆ ಎಫ್‌ಜಿಎಫ್7 ಎಂಬ ಸೋದರನಿದೆ. ಎರಡೂ ಹಿಡಿಯುವುದು ಅದೇ ಗ್ರಾಹಕವನ್ನು. ಆದರೆ ಪ್ರಯೋಗಾಲಯದಲ್ಲಿ 7 ಕೊಟ್ಟರೆ ಮೊಗ್ಗಿಗೆ ಇನ್ನಷ್ಟು ಮೊಗ್ಗು ಮೂಡುತ್ತವೆ, 10 ಕೊಟ್ಟರೆ ನಾಳ ಉದ್ದವಾಗುತ್ತದೆ. ವಿಚಿತ್ರ ಅಲ್ವಾ? ಕಾರಣ ಅಂಟು. ಕೋಶಗಳ ನಡುವೆ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆಯ ಸರಪಳಿಗಳಿವೆ. 10 ಅದಕ್ಕೆ ಗಟ್ಟಿಯಾಗಿ ಅಂಟುತ್ತದೆ, ದೂರ ಹೋಗಲಾರದು. ನೆಲಕ್ಕೆ ಬಿದ್ದ ಬೆಲ್ಲದ ಪಾಕದ ಹಾಗೆ ಒಂದೇ ಕಡೆ ಕೂರುತ್ತದೆ, ನಾಳ ಇರುವೆ ಸಾಲಿನಂತೆ ಅತ್ತಲೇ ಸಾಗುತ್ತದೆ. 7 ಅಷ್ಟು ಅಂಟುವುದಿಲ್ಲ, ನೀರಿನಂತೆ ಎಲ್ಲ ಕಡೆ ಹರಡುತ್ತದೆ. 2009ರಲ್ಲಿ ವಿಜ್ಞಾನಿಗಳು 10ರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದರು. ಅದು 7ರಂತೆ ವರ್ತಿಸತೊಡಗಿತು! ಸಂದೇಶ ಏನು ಅನ್ನುವಷ್ಟೇ ಅದು ಎಷ್ಟು ದೂರ ಮುಟ್ಟುತ್ತದೆ ಅನ್ನುವುದೂ ಇಲ್ಲಿ ಮುಖ್ಯ.

ಮೊಗ್ಗಿನಲ್ಲಿ ಸೀಳು ಮೂಡಿಸಲು ಕೋಶಗಳ ಹೊರಗಿರುವ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನ್ ಬೇಕು. ನರಗಳೂ ಸುಮ್ನೆ ಕೂರುವುದಿಲ್ಲ. ಅವುಗಳಿಂದ ಬರುವ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ಸಂದೇಶ ನಿಂತರೆ, ಮುಂದೆ ಗ್ರಂಥಿಯಾಗಬೇಕಾದ ಮೂಲಕೋಶಗಳು ಕಡಿಮೆಯಾಗುತ್ತವೆ ಎಂದು 2010ರಲ್ಲಿ ತಿಳಿಯಿತು.

ಇದನ್ನೆಲ್ಲ ತಿಳಿದುಕೊಳ್ಳುವ ತುರ್ತು ನಮಗೆ ಜಾಸ್ತಿಯೇ ಇದೆ. ಹೊಗೆಸೊಪ್ಪು, ಗುಟ್ಕಾದಿಂದ ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಬಹಳ. ವಿಕಿರಣ ಚಿಕಿತ್ಸೆ ಕ್ಯಾನ್ಸರ್ ಕೋಶಗಳ ಜೊತೆಗೆ ಜೊಲ್ಲುಗ್ರಂಥಿಯನ್ನೂ ಸುಡುತ್ತದೆ. ಹಲವರಿಗೆ ಆಮೇಲೆ ಒಣಗಿದ ಬಾಯಲ್ಲಿ ಒಂದು ತುತ್ತು ಅನ್ನ ನುಂಗುವುದೂ ಕಷ್ಟ.

2018ರಲ್ಲಿ ಜಪಾನಿನ ತಂಡವೊಂದು ಇಲಿಯ ಕಾಂಡಕೋಶಗಳಿಂದ ಪುಟ್ಟ ಜೊಲ್ಲುಗ್ರಂಥಿ ಬೆಳೆಸಿತು. ಅದನ್ನು ಬೆಳೆಸಲು ಬಳಸಿದ ಪ್ರೋಟೀನ್‌ಗಳಲ್ಲಿ ಇದೇ ಎಫ್‌ಜಿಎಫ್7 ಮತ್ತು ಎಫ್‌ಜಿಎಫ್10 ಇದ್ದವು. ಗ್ರಂಥಿ ಇಲ್ಲದ ಇಲಿಗೆ ಅದನ್ನು ಕಸಿ ಮಾಡಿದರು. ನಾಲಿಗೆಗೆ ರುಚಿ ಮುಟ್ಟಿಸಿದಾಗ ಜೊಲ್ಲು ಒಸರಿತು.