ಎಂಜೈಮ್ ಕ್ಯಾಪ್ಸೂಲ್ ಊಟದ ಮಧ್ಯೆಯೇ ಯಾಕೆ?

ಊಟ ಜೀರ್ಣಿಸುವ ಎಂಜೈಮ್‌ಗಳನ್ನು ಸುರಿಸುವ ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಕೆಟ್ಟವರಿಗೆ ಎಂಜೈಮ್ ಕ್ಯಾಪ್ಸೂಲ್ ಬರೆದುಕೊಡುವಾಗೆಲ್ಲ ಒಂದೇ ಮಾತು ಹೇಳುತ್ತೇನೆ. ಊಟದ ಜೊತೆ ತಗೊಳ್ಳಿ. ತಲೆ ಆಡಿಸುತ್ತಾರೆ. ಮುಂದಿನ ಸಲ ಬಂದಾಗ "ಊಟ ಆಗಿ ಅರ್ಧ ಗಂಟೆಗೆ ತಪ್ಪದೆ ತಗೋತೀನಿ ಸಾರ್" ಅನ್ನುತ್ತಾರೆ! ಬೇಜಾರಾಗುತ್ತದೆ, ಯಾಕೆಂದರೆ ಇದು ಅಗ್ಗದ ಔಷಧಿ ಅಲ್ಲ, ಸುಮ್ನೆ ದುಡ್ಡು ದಂಡ.

ಬೇರೆ ಮಾತ್ರೆಗಳ ಹಾಗೆ ಇದೂ ರಕ್ತಕ್ಕೆ ಸೇರಿ ಕೆಲಸ ಮಾಡುತ್ತದೆ ಅಂತ ಜನ ತಿಳಿದಿದ್ದಾರೆ. ಇಲ್ಲ. ಎಂಜೈಮ್ ಅಂದರೆ ಪ್ರೋಟೀನು. ಇಡಿಯಾಗಿ ಕರುಳಿನ ಗೋಡೆ ದಾಟುವುದಕ್ಕೆ ಅದು ತುಂಬಾ ದೊಡ್ಡದು. ಈ ಔಷಧಿ ದಾಟಬೇಕಾಗಿಯೂ ಇಲ್ಲ. ಅದರ ಕೆಲಸ ಇರುವುದೇ ಸಣ್ಣ ಕರುಳಿನೊಳಗೆ, ನೀವು ತಿಂದ ಅನ್ನ, ಬೇಳೆ, ತುಪ್ಪದ ಮೇಲೆ. ಕೆಲಸ ಮುಗಿದ ಮೇಲೆ ಅದೂ ಆಹಾರದ ಹಾಗೆಯೇ ಜೀರ್ಣವಾಗಿ ಹೋಗುತ್ತದೆ. ಊಟ ಮುಂದೆ ಹೋಗಿ ಎಂಜೈಮ್ ಹಿಂದೆ ಬಂದರೆ ಏನು ಪ್ರಯೋಜನ? ಅದಕ್ಕೇ ಮೊದಲ ತುತ್ತಿಗೆ ಒಂದು, ಎರಡು ಬರೆದಿದ್ದರೆ ಇನ್ನೊಂದು ಊಟದ ನಡುವೆ.

ಇನ್ನೊಂದು ವಿಷಯ ಹೊಟ್ಟೆಯ ಆಸಿಡ್ಡು. ಕೊಬ್ಬು ಜೀರ್ಣಿಸುವ ಎಂಜೈಮ್ ಲೈಪೇಸ್, ಪಿಎಚ್ (ಆಸಿಡ್ಡಿನ ಅಳತೆ, ಕಡಿಮೆ ಆದಷ್ಟೂ ಆಸಿಡ್ ಜಾಸ್ತಿ) 4ಕ್ಕಿಂತ ಕೆಳಗೆ ಹೋದರೆ ಕೆಟ್ಟುಹೋಗುತ್ತದೆ. ಹಾಗಾಗಿ ಕ್ಯಾಪ್ಸೂಲ್ ಒಳಗಿನ ಪುಟ್ಟ ಕಾಳುಗಳಿಗೆ ಒಂದು ಲೇಪ ಇರುತ್ತದೆ. ಪಿಎಚ್ ಸುಮಾರು 5.5 ದಾಟಿದ ಮೇಲೆ, ಅಂದರೆ ಸಣ್ಣ ಕರುಳು ಶುರುವಾಗುವಲ್ಲಿ, ಅದು ಕರಗುತ್ತದೆ.

ಒಬ್ಬರು ಅಜ್ಜಿಗೆ ಕ್ಯಾಪ್ಸೂಲ್ ನುಂಗಲು ಕಷ್ಟ. ಸೊಸೆ ಪಾಪ, ಅಕ್ಕರೆಯಿಂದ ಅದನ್ನು ಬಿಚ್ಚಿ, ಕಾಳನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ಬಿಸಿ ರಾಗಿ ಗಂಜಿಗೆ ಕಲಸಿ ಕೊಡುತ್ತಿದ್ದರು. ಲೇಪವೂ ಹೋಯಿತು, ಎಂಜೈಮೂ ಹೋಯಿತು. ಪುಡಿ ತಾಗಿ ಅಜ್ಜಿಗೆ ಬಾಯಿ ಹುಣ್ಣು, ತೂಕ ಇಳಿಯುತ್ತಲೇ ಇತ್ತು, ಕೊಬ್ಬು ಜೀರ್ಣವಾಗದೆ, ಎಷ್ಟು ನೀರು ಹಾಕಿದರೂ ಎಣ್ಣೆಯಂಥ ಮಲ ಬೇಸಿನ್ನಿಗೆ ಅಂಟಿಕೊಂಡೇ ಇರುತ್ತಿತ್ತು. ಕಾಳನ್ನು ಪುಡಿ ಮಾಡದೆ, ನುಣ್ಣಗೆ ಹಿಸುಕಿದ ತಣ್ಣಗಿನ ಸೇಬಿಗೆ ಬೆರೆಸಿ, ಅಗಿಯದೆ ಆಗಲೇ ನುಂಗಿಸಿ, ಮೇಲೆ ನೀರು ಕುಡಿಸಲು ಹೇಳಿದೆ. ಮುಂದಿನ ಸಲ ಅಜ್ಜಿಯೇ "ರವಿಕೆ ಬಿಗಿ ಆಗ್ತಿದೆ ಡಾಕ್ಟ್ರೇ" ಅಂದರು.

ಈ ಎಂಜೈಮ್ ಬರುವುದು ಹಂದಿಯ ಗ್ರಂಥಿಯಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

ಹಲ್ಲು ಕಿತ್ತಾಗ ಊತಕ್ಕೆ ಕೊಡುವ ಸೆರಾಷಿಯೋಪೆಪ್ಟಿಡೇಸ್ ಅನ್ನುವ ಎಂಜೈಮ್ ಮಾತ್ರೆಯ ಕಥೆ ಬೇರೆ. ರೇಷ್ಮೆ ಹುಳುವಿನ ಕರುಳಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದದ್ದು ಅದು. ಊತ ಇಳಿಸಬೇಕಾದರೆ ರಕ್ತಕ್ಕೆ ಸೇರಲೇಬೇಕು ಅಲ್ವಾ? ಇಲಿಗಳಲ್ಲಿ ಚೂರು ಸೇರುವುದು ಕಂಡಿದೆ, ಮನುಷ್ಯರಲ್ಲಿ ಉಪಯೋಗಕ್ಕೆ ಪುರಾವೆ ಮಾತ್ರ ತೆಳು. ಜಪಾನಿನಲ್ಲಿ 2011ರಲ್ಲಿ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತಗೊಂಡಿತು. ನಿಮಗೆ ಬರೆದಿದ್ದರೆ ಯಾಕೆ ಅಂತ ಬರೆದವರನ್ನೇ ಕೇಳಿ.

ಮೇದೋಜೀರಕದ ಎಂಜೈಮ್ ಕ್ಯಾಪ್ಸೂಲ್ ಸರಿಯಾಗಿ ತಗೊಂಡೂ ಮಲ ಎಣ್ಣೆಯಾಗಿಯೇ ಇದ್ದರೆ ಡೋಸ್ ಸಾಲದೆ ಇರಬಹುದು, ಬಂದು ತೋರಿಸಿ. ಬರೀ ನಾಲ್ಕು ಹೋಳು ಹಣ್ಣಿಗೆ ಸಾಮಾನ್ಯವಾಗಿ ಕ್ಯಾಪ್ಸೂಲ್ ಬೇಡ, ಮಸಾಲೆದೋಸೆಗೆ ಬೇಕೇ ಬೇಕು. ಮದುವೆ ಊಟ ಇದ್ದರೆ ಅವತ್ತಿಗೆ ಎಷ್ಟು ಅಂತ ಮೊದಲೇ ಕೇಳಿಕೊಂಡು, ಜೇಬಲ್ಲಿ ಇಟ್ಟುಕೊಂಡೇ ಪಂಕ್ತಿಗೆ ಕೂತ್ಕೊಳ್ಳಿ.