ರಾಷ್ಟ್ರಪತಿ ಚುನಾವಣೆಗೆ ಅಂಟಿದ ಅನಾಮಧೇಯ ಕರಪತ್ರ

1970ರಲ್ಲಿ ಭಾರತದ ರಾಷ್ಟ್ರಪತಿ ವಿ.ವಿ. ಗಿರಿ ಸುಪ್ರೀಂ ಕೋರ್ಟಿಗೆ ಖುದ್ದಾಗಿ ಬಂದು ಸಾಕ್ಷಿ ಹೇಳಿದರು. ಅಧಿಕಾರದಲ್ಲಿರುವ ರಾಷ್ಟ್ರಪತಿಯೊಬ್ಬರು ನ್ಯಾಯಾಲಯದಲ್ಲಿ ವಕೀಲರ ಪಾಟೀಸವಾಲಿಗೆ ಉತ್ತರ ಕೊಡುವ ದೃಶ್ಯವನ್ನು ದೇಶ ಅದಕ್ಕೂ ಮೊದಲು ಕಂಡಿರಲಿಲ್ಲ. ಕೇಳಿದ ಪ್ರಶ್ನೆಗಳಲ್ಲಿ ಮುಖ್ಯವಾದುದು ಒಂದು ಕರಪತ್ರದ ಕುರಿತಾಗಿತ್ತು. ಅದರಲ್ಲಿ ಬರೆದವರ ಸಹಿ ಇರಲಿಲ್ಲ. ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಅದು ಸಂಸದರಿಗೆ ಅಂಚೆಯಲ್ಲಿ ತಲುಪಿತ್ತು, ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಕೈಯಿಂದ ಕೈಗೆ ದಾಟಿತ್ತು. ಗಿರಿ ಅವರ ಎದುರಾಳಿ ನೀಲಂ ಸಂಜೀವ ರೆಡ್ಡಿಯವರ ಚಾರಿತ್ರ್ಯದ ಮೇಲೆ ಕೆಸರೆರಚುವುದೇ ಅದರ ಉದ್ದೇಶ. ಅದರಲ್ಲಿ ಏನಿತ್ತೆಂದು ಇಲ್ಲಿ ಮತ್ತೆ ಬರೆದರೆ ಆ ಅನಾಮಧೇಯನ ಕೆಲಸವನ್ನು ನಾವೇ ಮುಂದುವರಿಸಿದಂತಾಗುತ್ತದೆ, ಆದ್ದರಿಂದ ಬಿಟ್ಟಿದ್ದೇನೆ.

ರಾಷ್ಟ್ರಪತಿ ಚುನಾವಣೆಯಲ್ಲಿ ಜನಸಾಮಾನ್ಯರಿಗೆ ಮತವಿಲ್ಲ. ಸಂಸದರು ಮತ್ತು ವಿಧಾನಸಭೆಗಳ ಶಾಸಕರು ಮಾತ್ರ ಮತದಾರರು. 1969ರಲ್ಲಿ ಅವರ ಸಂಖ್ಯೆ ನಾಲ್ಕು ಸಾವಿರದ ಆಸುಪಾಸಿನಲ್ಲಿತ್ತು. ಇಷ್ಟು ಸಣ್ಣ ಮತದಾರ ವರ್ಗಕ್ಕೆ ದೊಡ್ಡ ಸಭೆ, ಮೆರವಣಿಗೆ ಬೇಕಿಲ್ಲ. ಒಂದು ಪತ್ರ, ಪತ್ರಿಕೆಯಲ್ಲಿ ಒಂದು ಅಂಕಣ, ಮೊಗಸಾಲೆಯಲ್ಲಿ ಒಂದು ಪಿಸುಮಾತು ಸಾಕು. ಹಾಗಿದ್ದೂ ಮೊದಲ ಮೂರು ಚುನಾವಣೆಗಳು ತಣ್ಣಗೆ ಮುಗಿದವು. 1952ರಲ್ಲಿ ರಾಜೇಂದ್ರ ಪ್ರಸಾದರ ವಿರುದ್ಧ ನಿಂತ ಕೆ.ಟಿ. ಶಾ ಅವರಿಗೂ ಗೆಲುವಿನ ಭ್ರಮೆ ಇದ್ದಂತಿಲ್ಲ.

ಬಿಸಿ ಏರಿದ್ದು 1967ರಲ್ಲಿ. ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸುವಂತಿಲ್ಲ ಎಂಬ ಗೋಲಕನಾಥ್ ತೀರ್ಪನ್ನು ಫೆಬ್ರವರಿಯಲ್ಲಿ ಕೊಟ್ಟ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟು ವಿರೋಧ ಪಕ್ಷಗಳ ಅಭ್ಯರ್ಥಿಯಾದರು. ಪ್ರತಿ ಸಂಸದ, ಶಾಸಕನ ಮತಕ್ಕೂ ನಿಗದಿತ ಮೌಲ್ಯವಿರುವ ಈ ಚುನಾವಣೆಯಲ್ಲಿ ಜಾಕಿರ್ ಹುಸೇನ್ 4,71,244 ಮತಮೌಲ್ಯ ಪಡೆದು ಗೆದ್ದರು, ಸುಬ್ಬರಾವ್ 3,63,971 ಪಡೆದರು. ಆ ವರ್ಷ ಕಾಂಗ್ರೆಸ್ ಹಲವು ರಾಜ್ಯಗಳನ್ನು ಕಳೆದುಕೊಂಡಿತ್ತು. ರಾಷ್ಟ್ರಪತಿ ಭವನವೂ ಪಕ್ಷಗಳ ಪಣಕ್ಕೆ ಬೀಳಬಹುದೆಂಬುದು ಆಗ ಎಲ್ಲರಿಗೂ ಕಂಡಿತು.

1969ರ ಮೇ 3ರಂದು ಜಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ಗಿರಿ ಹಂಗಾಮಿಯಾದರು. ಕಾರ್ಮಿಕ ಸಂಘಟನೆಯಿಂದ ಬೆಳೆದು ಬಂದ ಗಿರಿ ಮೈಸೂರು ರಾಜ್ಯದವರಿಗೆ ಹೊಸಬರಲ್ಲ. 1965ರಿಂದ 1967ರವರೆಗೆ ಇಲ್ಲಿ ರಾಜ್ಯಪಾಲರಾಗಿದ್ದವರು. ಮುಂದಿನ ಜಗಳಕ್ಕೆ ವೇದಿಕೆಯಾದದ್ದೂ ಬೆಂಗಳೂರೇ. ಜುಲೈ ಎರಡನೆಯ ವಾರ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ (ಎಐಸಿಸಿ) ಅಧಿವೇಶನ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಆರ್ಥಿಕ ನೀತಿಯ ಟಿಪ್ಪಣಿಯೊಂದನ್ನು ಅಧಿವೇಶನಕ್ಕೆ ಕಳುಹಿಸಿದರು. ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿ ರಾಷ್ಟ್ರಪತಿ ಅಭ್ಯರ್ಥಿಯನ್ನು ಆರಿಸಲು ಕುಳಿತಾಗ ಅವರು ಜಗಜೀವನ ರಾಂ ಹೆಸರು ಹೇಳಿದರು. ಬಹುಮತ ಲೋಕಸಭೆಯ ಸ್ಪೀಕರ್ ಸಂಜೀವ ರೆಡ್ಡಿಯವರ ಕಡೆ ಹೋಯಿತು. ಮರುದಿನವೇ ಗಿರಿ ಪಕ್ಷೇತರರಾಗಿ ನಿಲ್ಲುವುದಾಗಿ ಘೋಷಿಸಿದರು.

ಅಲ್ಲಿಂದ ಒಂದು ವಾರದಲ್ಲಿ ದೆಹಲಿಯ ರಾಜಕೀಯ ತಲೆಕೆಳಗಾಯಿತು. ಇಂದಿರಾ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ರಂದು 14 ಬ್ಯಾಂಕ್‌ಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಿತ್ತು. ಅದಕ್ಕೆ ಅಂಕಿತ ಹಾಕಿದ ಗಿರಿ ಮರುದಿನ ಎರಡೂ ಹುದ್ದೆ ಬಿಟ್ಟು ಕಣಕ್ಕಿಳಿದರು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಹಂಗಾಮಿ ರಾಷ್ಟ್ರಪತಿಯಾದರು. ಪ್ರಧಾನಿಯ ಮನೆಯ ಮುಂದೆ ಟ್ಯಾಕ್ಸಿ, ರಿಕ್ಷಾ ಓಡಿಸುವವರು ಜಯಕಾರ ಹಾಕುತ್ತ ನೆರೆಯತೊಡಗಿದರು. ಮತವೇ ಇಲ್ಲದ ಜನ ಒಂದು ಪಕ್ಷ ಹಿಡಿದಿದ್ದರು.

ಇದಾದ ಮೇಲೆ ಪತ್ರಿಕೆಗಳ ಭಾಷೆಯೂ ಎರಡು ಪಾಳೆಯವಾಯಿತು. ನಿಜಲಿಂಗಪ್ಪ, ಕಾಮರಾಜ್, ಎಸ್.ಕೆ. ಪಾಟೀಲ್ ಅವರ ಗುಂಪಿಗೆ 'ಸಿಂಡಿಕೇಟ್' ಎಂಬ ಹೆಸರು ಮೊದಲೇ ಬಿದ್ದಿತ್ತು. ಪ್ರಾಸ ಹಿಡಿದು ಇಂದಿರಾ ಬಣವನ್ನು 'ಇಂಡಿಕೇಟ್' ಎಂದರು. ಮುಂಬೈಯ ಬ್ಲಿಟ್ಜ್, ದೆಹಲಿಯ ಪೇಟ್ರಿಯಟ್ ಎಡಕ್ಕೆ ವಾಲಿದ ಪತ್ರಿಕೆಗಳು. ರಾಜಾಜಿ ಬರೆಯುತ್ತಿದ್ದ ಸ್ವರಾಜ್ಯ, ಜನಸಂಘದ ನಿಲುವಿನ ಆರ್ಗನೈಸರ್ ಆಚೆ ಬದಿ. ಯಾವ ಪತ್ರಿಕೆ ತೆರೆದರೂ ಅದರ ಒಲವು ಮುಖಪುಟದಲ್ಲೇ ಗೊತ್ತಾಗುತ್ತಿದ್ದ ಕಾಲ ಅದು. ಓದುಗ ಮೋಸ ಹೋಗುವ ಭಯವಿರಲಿಲ್ಲ. ನನಗೆ ಆ ಬಹಿರಂಗ ಪಕ್ಷಪಾತದ ಮೇಲೆ ದೊಡ್ಡ ಆಕ್ಷೇಪವಿಲ್ಲ. ಹೆಸರು, ವಿಳಾಸ ಇಟ್ಟು ಬೈಯುವವನಿಗೆ ಉತ್ತರ ಕೊಡಬಹುದು.

ಎರಡೂ ಕಡೆಯವರು ಹೆಣೆದ ಕಥೆಗಳಲ್ಲಿ ಅಷ್ಟಿಷ್ಟು ನಿಜವೂ ಇತ್ತು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ.ಡಿ. ದೇಶಮುಖ್ ಅವರನ್ನು ನಿಲ್ಲಿಸಿದ್ದವು. ಈ ಚುನಾವಣೆಯಲ್ಲಿ ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು ಎಂದು ಪ್ರಾಶಸ್ತ್ಯದ ಕ್ರಮದಲ್ಲಿ ಗುರುತಿಸುತ್ತಾರೆ. ದೇಶಮುಖ್ ಬೆಂಬಲಿಗರ ಎರಡನೆಯ ಪ್ರಾಶಸ್ತ್ಯದ ಮತಗಳು ರೆಡ್ಡಿಯವರಿಗೆ ಬರಲೆಂದು ನಿಜಲಿಂಗಪ್ಪ ಆ ಪಕ್ಷಗಳ ನಾಯಕರನ್ನು ಭೇಟಿಯಾದರು. ಲೆಕ್ಕಾಚಾರದಲ್ಲಿ ಇದು ಸರಿಯಾದ ನಡೆ, ಪ್ರಚಾರದಲ್ಲಿ ಎದುರಾಳಿಯ ಕೈಗೆ ಕೊಟ್ಟ ಕೋಲು. ಕೋಮುವಾದಿಗಳ ಜತೆ ಒಳ ಒಪ್ಪಂದ, ಪ್ರಧಾನಿಯನ್ನು ಇಳಿಸುವ ಸಂಚು ಎಂದು ಇಂದಿರಾ ಬಣ ಹುಯಿಲೆಬ್ಬಿಸಿತು. ಜಗಜೀವನ ರಾಂ, ಫಕ್ರುದ್ದೀನ್ ಅಲಿ ಅಹ್ಮದ್ ಪಕ್ಷದ ಅಧ್ಯಕ್ಷರಿಂದ ವಿವರಣೆ ಕೇಳಿ ಪತ್ರ ಬರೆದರು. ಪತ್ರಗಳೆಲ್ಲ ಪತ್ರಿಕೆಗಳಿಗೆ ಹೋದವು. ಸಿಂಡಿಕೇಟ್ ಬಣದವರದು ಇನ್ನೊಂದು ದೂರು: ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ ಪ್ರಧಾನಿಯೇ ಕಮ್ಯುನಿಸ್ಟರು ಬೆಂಬಲಿಸುತ್ತಿರುವ ಗಿರಿಗಾಗಿ ಒಳಗೊಳಗೇ ಕೆಲಸ ಮಾಡುತ್ತಿದ್ದಾರೆ. ಕೊನೆಗೆ ಇಂದಿರಾ ರೆಡ್ಡಿಯವರ ಪರ ವಿಪ್, ಅಂದರೆ ಪಕ್ಷದ ಕಡ್ಡಾಯ ಸೂಚನೆ, ಕೊಡಲು ಒಪ್ಪದೆ, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದುಬಿಟ್ಟರು. ಸ್ವಂತ ಅಭ್ಯರ್ಥಿಯನ್ನು ಸೋಲಿಸಲು ಇದಕ್ಕಿಂತ ಗೌರವಸ್ಥ ಮಾತು ಸಿಗುವುದು ಕಷ್ಟ.

ಇದೇ ದಿನಗಳಲ್ಲಿ ಸೆಂಟ್ರಲ್ ಹಾಲ್‌ನಲ್ಲಿ ಆ ಕರಪತ್ರ ಓಡಾಡುತ್ತಿತ್ತು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಗೆಲ್ಲಲು ಬೇಕಾದದ್ದು 4,18,169. ಯಾರಿಗೂ ಅಷ್ಟು ಬರಲಿಲ್ಲ. ಉಳಿದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಮುಂದಿನ ಪ್ರಾಶಸ್ತ್ಯ ಎಣಿಸಿದಾಗ ರೆಡ್ಡಿಯವರಿಗೆ 91,879 ಸೇರಿತು, ಗಿರಿ ಅವರಿಗೆ 18,562 ಮಾತ್ರ. ಅಂದರೆ ನಿಜಲಿಂಗಪ್ಪನವರ ಎರಡನೆಯ ಮತದ ಲೆಕ್ಕ ಸುಳ್ಳಾಗಲಿಲ್ಲ. ಅವರ ಲೆಕ್ಕ ತಪ್ಪಿದ್ದು ಸ್ವಂತ ಪಕ್ಷದ ಮೊದಲ ಮತಗಳಲ್ಲಿ. ಅಂತಿಮ ಸಂಖ್ಯೆ: ಗಿರಿ 4,20,077, ರೆಡ್ಡಿ 4,05,427. ಆಗ ಒಬ್ಬ ಸಂಸದನ ಮತದ ಮೌಲ್ಯ 576. ಹದಿಮೂರು ಸಂಸದರು ಗಿರಿಯವರನ್ನು ಬಿಟ್ಟು ರೆಡ್ಡಿಯವರ ಕಡೆ ಹೋಗಿದ್ದರೆ ಫಲಿತಾಂಶ ಉಲ್ಟಾ ಆಗುತ್ತಿತ್ತು. ಹದಿಮೂರು ಜನರ ಮನಸ್ಸು ಕೆಡಿಸಲು ಒಂದು ಹೊಲಸು ಕಾಗದ ಸಾಲದೇ ಎಂಬ ಪ್ರಶ್ನೆ ಏಳದೆ ಇರುವುದು ಹೇಗೆ?

ಪ್ರಶ್ನೆ ನಾಲ್ಕು ತಕರಾರು ಅರ್ಜಿಗಳಾಗಿ ಸುಪ್ರೀಂ ಕೋರ್ಟ್ ಮುಟ್ಟಿತು. ಶಿವಕೃಪಾಲ್ ಸಿಂಗ್ ವಿರುದ್ಧ ಗಿರಿ ಎಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಪ್ರಕರಣ ಇದು. ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಸಂಸದರು, ಮಂತ್ರಿಗಳು ಸಾಲುಸಾಲಾಗಿ ಸಾಕ್ಷಿ ಹೇಳಿದರು. ಸಾಕ್ಷಿಯೊಬ್ಬರು ಹಿಂದೆ ಒಂದು ಮಾತಾಡಿ ಕೋರ್ಟಿನಲ್ಲಿ ಇನ್ನೊಂದು ಹೇಳುತ್ತಿದ್ದಾರೆಂದು ತೋರಿಸಲು ಅರ್ಜಿದಾರರು ಟೇಪ್ ರೆಕಾರ್ಡ್ ಹಾಜರುಪಡಿಸಿದರು. ಅಂಥ ಧ್ವನಿಮುದ್ರಣವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದೆಂದು ನ್ಯಾಯಾಲಯ ಹೇಳಿದ ಆದೇಶ ಆಮೇಲೆ ಎಷ್ಟೋ ಮೊಕದ್ದಮೆಗಳಲ್ಲಿ ಉಲ್ಲೇಖಗೊಂಡಿತು.

ಕರಪತ್ರದ ವಿಷಯದಲ್ಲಿ ಕಾನೂನಿನ ಸಿಕ್ಕು ಹೀಗಿತ್ತು. ಅಭ್ಯರ್ಥಿಯ ನಡತೆಯ ಬಗ್ಗೆ ಸುಳ್ಳು ಪ್ರಕಟಿಸುವುದು ಅಂದಿನ ದಂಡ ಸಂಹಿತೆಯ 171ಜಿ ಕಲಮಿನಡಿ ಅಪರಾಧ. ಶಿಕ್ಷೆ ಬರೀ ಜುಲ್ಮಾನೆ. ಮತದಾರನ ಸ್ವತಂತ್ರ ಹಕ್ಕಿಗೆ ಅಡ್ಡಿ ಮಾಡುವ ಅನುಚಿತ ಪ್ರಭಾವ 171ಸಿ ಕಲಮಿಗೆ ಸೇರಿದ್ದು. ರಾಷ್ಟ್ರಪತಿ ಚುನಾವಣೆಯನ್ನು ರದ್ದು ಮಾಡಲು 1952ರ ಕಾಯ್ದೆ ಒಪ್ಪುವುದು ಲಂಚ ಮತ್ತು ಅನುಚಿತ ಪ್ರಭಾವವನ್ನು. ಕರಪತ್ರ ಕೇವಲ ಸುಳ್ಳು ಪ್ರಕಟಣೆಯಾದರೆ ಗಿರಿಯವರ ಆಯ್ಕೆಗೆ ಅದರಿಂದ ಧಕ್ಕೆಯಿಲ್ಲ, ಅನುಚಿತ ಪ್ರಭಾವವಾದರೆ ಇದೆ. ಪೀಠದಲ್ಲಿ ಭಿನ್ನಾಭಿಪ್ರಾಯ ಬಂತು. ಇಷ್ಟು ನೀಚ ಆರೋಪವನ್ನು ಮತದಾರರಲ್ಲಿ ಹಂಚುವುದು ಅನುಚಿತ ಪ್ರಭಾವದ ಮಟ್ಟಕ್ಕೆ ಏರಬಲ್ಲದು ಎಂಬುದು ಬಹುಮತದ ನಿಲುವು. ಹಂಚಿಕೆ ನಡೆದದ್ದನ್ನೂ ಒಪ್ಪಲಾಯಿತು. ಆದರೆ ಗಿರಿಯವರ ಒಳಸಮ್ಮತಿ ಇತ್ತೆಂದಾಗಲಿ, ಕರಪತ್ರದಿಂದಲೇ ಫಲಿತಾಂಶ ಬದಲಾಯಿತೆಂದಾಗಲಿ ಸಾಬೀತಾಗಲಿಲ್ಲ. ಪ್ರಧಾನಿ, ಮಂತ್ರಿಗಳು ಮತ ಕೇಳಿದ್ದರಲ್ಲಿಯೂ ಅಪರಾಧ ಕಾಣಲಿಲ್ಲ. ಅರ್ಜಿಗಳು ವಜಾ ಆದವು.

ಅಷ್ಟರಲ್ಲಿ ಕಾಂಗ್ರೆಸ್ ಎರಡು ಹೋಳಾಗಿ ತಿಂಗಳುಗಳೇ ಕಳೆದಿದ್ದವು. 1969ರ ನವೆಂಬರ್ 12ರಂದು ನಿಜಲಿಂಗಪ್ಪನವರ ಬಣ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿತ್ತು.

ಸಂಸತ್ತು ಈ ಪ್ರಕರಣದಿಂದ ಕಲಿತ ಪಾಠವೇ ಬೇರೆ. 1974ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಅಲ್ಲಿಯವರೆಗೆ ಒಬ್ಬ ಸೂಚಕ, ಒಬ್ಬ ಅನುಮೋದಕ ಸಿಕ್ಕರೆ ಯಾರೂ ರಾಷ್ಟ್ರಪತಿ ಚುನಾವಣೆಗೆ ನಿಲ್ಲಬಹುದಿತ್ತು. ಇನ್ನು ತಲಾ ಹತ್ತು ಮಂದಿ ಬೇಕು, 2,500 ರೂಪಾಯಿ ಠೇವಣಿ ಇಡಬೇಕು. ಆಯ್ಕೆಯನ್ನು ಪ್ರಶ್ನಿಸಲು ಒಬ್ಬ ಅಭ್ಯರ್ಥಿ, ಇಲ್ಲವೇ ಕನಿಷ್ಠ 20 ಮತದಾರರು ಒಟ್ಟಾಗಿ ಬರಬೇಕು. 1997ರಲ್ಲಿ ಸೂಚಕರು, ಅನುಮೋದಕರು ತಲಾ 50 ಆದರು, ಠೇವಣಿ 15,000 ರೂಪಾಯಿ ಆಯಿತು. ಹುಡುಗಾಟಕ್ಕೆ ನಿಲ್ಲುವವರನ್ನು ತಡೆಯಲು ಇದು ಬೇಕಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಸೆಂಟ್ರಲ್ ಹಾಲ್‌ನಲ್ಲಿ ಕಾಗದ ಹಂಚಿದವರಿಗೂ ಹುಡುಗಾಟದ ಅಭ್ಯರ್ಥಿಗಳಿಗೂ ಏನು ಸಂಬಂಧ? ತುರ್ತು ಪರಿಸ್ಥಿತಿಯಲ್ಲಿ, 1975ರ 39ನೆಯ ಸಂವಿಧಾನ ತಿದ್ದುಪಡಿ ಈ ವಿವಾದಗಳನ್ನು ಸುಪ್ರೀಂ ಕೋರ್ಟಿನ ಕೈಯಿಂದಲೇ ತಪ್ಪಿಸಿತ್ತು. 44ನೆಯ ತಿದ್ದುಪಡಿ ಅದನ್ನು ಮರಳಿಸಿತು.

ರೆಡ್ಡಿಯವರ ಸರದಿ 1977ರಲ್ಲಿ ಬಂತು. ಸಲ್ಲಿಕೆಯಾದ 37 ನಾಮಪತ್ರಗಳಲ್ಲಿ ಅವರದೊಂದೇ ಊರ್ಜಿತವಾಗಿ ಅವಿರೋಧ ಆಯ್ಕೆಯಾದರು. ಅಧಿಕಾರವನ್ನು ಹಂಗಾಮಿ ರಾಷ್ಟ್ರಪತಿ ಬಿ.ಡಿ. ಜತ್ತಿಯವರಿಂದ ವಹಿಸಿಕೊಂಡರು. ಎದುರಾಳಿಯೇ ಇಲ್ಲದ ಕಡೆ ಕರಪತ್ರಕ್ಕೂ ಕೆಲಸವಿರಲಿಲ್ಲ.

ಆಮೇಲಿನ ಸ್ಪರ್ಧೆಗಳಲ್ಲಿ ಟೀಕೆ, ಆರೋಪ ಕಡಿಮೆಯಾಗಿಲ್ಲ. 2012ರಲ್ಲಿ ಪ್ರಣಬ್ ಮುಖರ್ಜಿ ಲಾಭದಾಯಕ ಹುದ್ದೆಯಲ್ಲಿದ್ದರೆಂದು ಪಿ.ಎ. ಸಂಗ್ಮಾ ಹೂಡಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 3:2ರಲ್ಲಿ ತಳ್ಳಿಹಾಕಿತು. 2022ರಲ್ಲಿ ಯಶವಂತ ಸಿನ್ಹಾ ಇಂದಿರಾ ಗಾಂಧಿಯವರದೇ ಆತ್ಮಸಾಕ್ಷಿಯ ಮಾತನ್ನು ಎತ್ತಿ ಮತ ಕೇಳಿದರು. ವಿರೋಧ ಪಕ್ಷಗಳವರೂ ಹಲವರು ದ್ರೌಪದಿ ಮುರ್ಮು ಅವರಿಗೆ ಹಾಕಿದರು, ನಮ್ಮಲ್ಲಿ ಜೆಡಿಎಸ್ ಬಹಿರಂಗವಾಗಿಯೇ ಅವರ ಬೆಂಬಲಕ್ಕೆ ನಿಂತಿತು.

ಕಾಯ್ದೆಯ 18ನೆಯ ಕಲಮು ಮಾತ್ರ ಅಂದಿನಂತಿಲ್ಲ. ಗಿರಿಯವರ ಕಾಲದಲ್ಲಿ ಅಭ್ಯರ್ಥಿಗೆ ಸಂಬಂಧವೇ ಇಲ್ಲದ ಮೂರನೆಯವರು ಅನುಚಿತ ಪ್ರಭಾವ ಬೀರಿ, ಅದರಿಂದ ಫಲಿತಾಂಶ ಬದಲಾಗಿದ್ದರೂ ಚುನಾವಣೆ ರದ್ದಾಗಬಹುದಿತ್ತು. ಈಗ ಆ ಭಾಗ ಇಲ್ಲ. ಗೆದ್ದವರೇ ತಪ್ಪು ಮಾಡಿರಬೇಕು, ಅಥವಾ ಅವರ ಸಮ್ಮತಿ ಪಡೆದು ಇನ್ನೊಬ್ಬರು ಮಾಡಿರಬೇಕು. ಯಾರ ಸಮ್ಮತಿಯನ್ನೂ ಕೇಳದೆ ಒಬ್ಬ ಅನಾಮಧೇಯ ಸಾವಿರಾರು ಶಾಸಕ, ಸಂಸದರ ಮೊಬೈಲ್‌ಗೆ ಮತದಾನದ ಹಿಂದಿನ ರಾತ್ರಿ ಅಂಥದ್ದೇ ಒಂದು ಕಾಗದ ಕಳುಹಿಸಿದರೆ, ಸಿಕ್ಕಿಬಿದ್ದಾಗ ಅವನಿಗೆ ದಂಡ ಬೀಳಬಹುದು, ಆದರೆ ಆ ಕಾಗದದ ಕಾರಣಕ್ಕೆ ಚುನಾವಣೆ ರದ್ದು ಮಾಡಿ ಎಂದು ಕೇಳಲು ಈ ಕಲಮಿನಲ್ಲಿ ದಾರಿಯಿಲ್ಲ.